ನಾಲೆಯಲ್ಲಿ ನೀರಿದೆ, ಗದ್ದೆಗೆ ಬರುತ್ತಿಲ್ಲ: ತಪ್ಪಾಗಿ ಹೊಂದಿಸಿದ ನೇಮ್ ಸರ್ವರನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆ

ವೆಬ್‌ಸೈಟ್ ಇಟ್ಟ ಸರ್ವರ್ ಓಡುತ್ತಿದೆ, ಇಂಟರ್ನೆಟ್ ಇದೆ, ಡೊಮೇನ್‌ಗೆ ದುಡ್ಡೂ ಕಟ್ಟಿದೆ. ಆದರೂ ಮೈಸೂರಿನ ಆಫೀಸಿನಲ್ಲಿ ತೆರೆಯುವ ಸೈಟು ಮಂಡ್ಯದ ಅಂಗಡಿಯ ಫೋನಿನಲ್ಲಿ ತೆರೆಯುವುದಿಲ್ಲ. ಬೆಳಿಗ್ಗೆ ಬರುತ್ತಿದ್ದ ಇಮೇಲು ಮಧ್ಯಾಹ್ನಕ್ಕೆ ನಿಂತಿರುತ್ತದೆ, ಸಂಜೆ ಮತ್ತೆ ಬರುತ್ತದೆ. ಹೀಗೆ ಒಮ್ಮೆ ಉಂಟು, ಒಮ್ಮೆ ಇಲ್ಲ ಎನ್ನುವ ತೊಂದರೆಗೆ ಜನ ಮೊದಲು ಬೈಯುವುದು ಬ್ರಾಡ್‌ಬ್ಯಾಂಡನ್ನು. ತಪ್ಪು ಬಹಳ ಸಲ ಇರುವುದು ಡೊಮೇನಿನ ನೇಮ್ ಸರ್ವರ್ ಹೊಂದಿಕೆಯಲ್ಲಿ. ನೇಮ್ ಸರ್ವರ್ ಅಂದರೆ ಡೊಮೇನಿನ ಹೆಸರು ಹಿಡಿದು ಬಂದವರಿಗೆ ಅದರ ಐಪಿ ವಿಳಾಸ ಹೇಳುವ ಸರ್ವರ್.

ಹೆಸರು ವಿಳಾಸವಾಗುವ ದಾರಿಯನ್ನು ಮಂಡ್ಯ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆ, ಅದರಿಂದ ಉಪನಾಲೆ, ಉಪನಾಲೆಯಿಂದ ತೂಬು, ತೂಬಿನಿಂದ ಗದ್ದೆ. ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲೂ ಹಾಗೆಯೇ: ರೂಟ್ ಸರ್ವರ್, ಅದರ ಕೆಳಗೆ 'ಇನ್' ಅಥವಾ 'ಕಾಮ್' ವಲಯ, ಅದರ ಕೆಳಗೆ ನಿಮ್ಮ ಡೊಮೇನಿನ ನೇಮ್ ಸರ್ವರ್‌ಗಳು. ಮೇಲಿನವರ ಪುಸ್ತಕದಲ್ಲಿ ಈ ಗದ್ದೆಯ ನೀರುಗಂಟಿ ಇಂಥವರು ಎಂದು ಬರೆದಿರುತ್ತದೆ. ಹೋಗಿ ಕೇಳಿದರೆ ಅವರು 'ಆ ಗದ್ದೆ ನಂದಲ್ಲ' ಅಂದರೆ ಏನಾಗುತ್ತದೆ? ಈ ಬರಹದ ಮುಕ್ಕಾಲು ಭಾಗ ಅದರ ಬಗ್ಗೆಯೇ. ಮೇಲಿನವರು ಹೇಳುವುದೇನು, ಪ್ರತಿಯೊಬ್ಬ ನೀರುಗಂಟಿ ಹೇಳುವುದೇನು ಎಂದು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ ತಾಳೆ ನೋಡಬೇಕು. ಬ್ರೌಸರನ್ನು ಇಪ್ಪತ್ತು ಸಲ ರಿಫ್ರೆಶ್ ಮಾಡಿದರೆ ಏನೂ ತಿಳಿಯುವುದಿಲ್ಲ.

ಉದಾಹರಣೆಗೆ, ಆಲೆಮನೆ ಬೆಲ್ಲವನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯೊಂದರ ಡೊಮೇನ್ 'ಬೆಲ್ಲದಂಗಡಿ.ಇನ್' ಎಂದು ಇಟ್ಟುಕೊಳ್ಳೋಣ. ಹೆಸರು ಕಲ್ಪಿತ. 192.0.2, 198.51.100 ಮತ್ತು 203.0.113ರಿಂದ ಶುರುವಾಗುವ ಐಪಿ ವಿಳಾಸಗಳು ಉದಾಹರಣೆಗೆಂದೇ ಮೀಸಲಾದವು. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಬೇಕಾದ ಸಾಧನ ಒಂದೇ, ಟರ್ಮಿನಲ್‌ನಿಂದ ಡಿಎನ್‌ಎಸ್ ಪ್ರಶ್ನೆ ಕೇಳುವ 'ಡಿಗ್'. ಉಬುಂಟುವಿನಲ್ಲಿ 'ಬೈಂಡ್9-ಡಿಎನ್‌ಎಸ್‌ಯುಟಿಲ್ಸ್', ರೆಡ್ ಹ್ಯಾಟ್ ಬಳಗದಲ್ಲಿ 'ಬೈಂಡ್-ಯುಟಿಲ್ಸ್' ಪ್ಯಾಕೇಜ್ ಹಾಕಿಕೊಂಡರೆ ಬರುತ್ತದೆ. ವಿಂಡೋಸ್‌ನ 'ಎನ್‌ಎಸ್‌ಲುಕಪ್' ತುರ್ತಿಗೆ ಸಾಕು. ಆದರೆ ಅದು ಹೆಸರಿನ ಹಿಂದೆ ಆಫೀಸ್ ನೆಟ್‌ವರ್ಕಿನ ಬಾಲವನ್ನು ತಾನೇ ಅಂಟಿಸಿ ಕೇಳುವುದುಂಟು, ಹಾಗಾಗಿ ಡೊಮೇನಿನ ಕೊನೆಗೆ ಒಂದು ಚುಕ್ಕಿ ಇಟ್ಟೇ ಕೇಳಿ.

ಹಂತ 1: ದೋಷದ ಹೆಸರು ಬರೆದುಕೊಳ್ಳಿ

'ಸೈಟ್ ಬರ್ತಿಲ್ಲ' ಎನ್ನುವುದು ದೋಷದ ಹೆಸರಲ್ಲ. ಡಿಗ್ ಕೊಡುವ ಉತ್ತರದ ಮೇಲ್ಭಾಗದಲ್ಲಿ 'ಸ್ಟೇಟಸ್' ಎಂದಿರುವ ಕಡೆ ನೋಡಿ.

ಎನ್‌ಎಕ್ಸ್‌ಡೊಮೇನ್ ಅಂದರೆ ಅಂಥ ಹೆಸರೇ ಇಲ್ಲ ಎಂದು ಯಾರೋ ಖಚಿತವಾಗಿ ಹೇಳಿದ್ದಾರೆ. ಡೊಮೇನಿನ ಅವಧಿ ಮುಗಿದಿರಬಹುದು, ರಿಜಿಸ್ಟ್ರಿ ('ಇನ್'ನಂಥ ಮೇಲಿನ ವಲಯ ನಡೆಸುವ ಸಂಸ್ಥೆ) ತಡೆಹಿಡಿದಿರಬಹುದು, ವಲಯದ ಕಡತದಲ್ಲಿ (ಡೊಮೇನಿನ ದಾಖಲೆಗಳನ್ನು ಬರೆದಿಡುವ ಫೈಲು) ಆ ಸಾಲು ಬಿಟ್ಟುಹೋಗಿರಬಹುದು. ಸರ್ವ್‌ಫೇಲ್ ಅಂದರೆ ರಿಸಾಲ್ವರ್ (ನಿಮ್ಮ ಪರವಾಗಿ ನೇಮ್ ಸರ್ವರ್‌ಗಳನ್ನು ಕೇಳಿ ವಿಳಾಸ ತರುವ ಸರ್ವರ್) ಕೇಳಿ ಕೇಳಿ ಸೋತಿದೆ. ನೇಮ್ ಸರ್ವರ್ ತಪ್ಪು, ಡಿಎನ್‌ಎಸ್‌ಸೆಕ್ (ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಏರ್ಪಾಡು) ತಪ್ಪು ಎರಡೂ ಇದೇ ವೇಷದಲ್ಲಿ ಬರುತ್ತವೆ. ನೇಮ್ ಸರ್ವರನ್ನೇ ನೇರವಾಗಿ ಕೇಳಿದಾಗ ರಿಫ್ಯೂಸ್ಡ್ ಬಂದರೆ ಆ ಸರ್ವರ್ ಬದುಕಿದೆ, ಆದರೆ ನಿಮ್ಮ ಡೊಮೇನಿನ ಪರಿಚಯ ಅದಕ್ಕಿಲ್ಲ. ಟೈಮ್‌ಔಟ್ ಬಂದರೆ ಫೈರ್‌ವಾಲ್, ತಪ್ಪು ಐಪಿ, ಇಲ್ಲವೇ ಸರ್ವರೇ ಆಫ್.

ಬಹಳ ಜನ ಎಡವುವುದು ಐದನೆಯದರಲ್ಲಿ: ಸ್ಟೇಟಸ್ 'ನೋಎರರ್', ಆದರೆ ಉತ್ತರದ ಸಂಖ್ಯೆ 0. ಹೆಸರು ಇದೆ, ನೀವು ಕೇಳಿದ ಬಗೆಯ ದಾಖಲೆ ಮಾತ್ರ ಇಲ್ಲ. ಇದಕ್ಕೆ ನೇಮ್ ಸರ್ವರ್ ಬದಲಿಸಬೇಕಿಲ್ಲ, ಬಿಟ್ಟುಹೋದ ದಾಖಲೆ ಸೇರಿಸಿದರೆ ಆಯಿತು.

ಹಂತ 2: ನಿಮ್ಮ ಕಂಪ್ಯೂಟರಿನ ಅನುಮಾನ ಬಗೆಹರಿಸಿ

ಮೂರು ಬೇರೆಬೇರೆ ಸಾರ್ವಜನಿಕ ರಿಸಾಲ್ವರ್‌ಗಳನ್ನು ಕೇಳಿ (ಕೊನೆಯ 'ಎ' ಅಂದರೆ ಐಪಿ ವಿಳಾಸದ ದಾಖಲೆ):

ಡಿಗ್ @8.8.8.8 ಬೆಲ್ಲದಂಗಡಿ.ಇನ್ ಎ
ಡಿಗ್ @1.1.1.1 ಬೆಲ್ಲದಂಗಡಿ.ಇನ್ ಎ
ಡಿಗ್ @9.9.9.9 ಬೆಲ್ಲದಂಗಡಿ.ಇನ್ ಎ

ಮೂರೂ ಕಡೆ ಸರಿಯುತ್ತರ ಬಂದು ನಿಮ್ಮ ಯಂತ್ರದಲ್ಲಿ ಮಾತ್ರ ಬಾರದಿದ್ದರೆ ತೊಂದರೆ ನಿಮ್ಮ ರೌಟರಿನದೋ ಸ್ಥಳೀಯ ಕ್ಯಾಶೆಯದೋ (ಹಳೆಯ ಉತ್ತರಗಳ ನೆನಪು) ಇರಬೇಕು. ಕ್ಯಾಶೆ ಅಳಿಸಲು ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್', ಉಬುಂಟುವಿನಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್'. ಮೂರೂ ಕಡೆ ಕೆಟ್ಟರೆ, ಅಥವಾ ಒಂದು ಕಡೆ ಬಂದು ಇನ್ನೊಂದು ಕಡೆ ಬಾರದಿದ್ದರೆ, ಮುಂದೆ ಓದಿ.

ಅದಕ್ಕೂ ಮೊದಲು ಹೂಇಸ್‌ನಲ್ಲಿ (ಡೊಮೇನ್ ನೋಂದಣಿಯ ವಿವರ ತೋರಿಸುವ ಸೇವೆ) ಡೊಮೇನಿನ ಅವಧಿ ಮತ್ತು ಸ್ಥಿತಿ ನೋಡಿಬಿಡಿ. 'ಕ್ಲೈಂಟ್‌ಹೋಲ್ಡ್' ಅಥವಾ 'ಸರ್ವರ್‌ಹೋಲ್ಡ್' ಎಂದಿದ್ದರೆ ಮೇಲಿನ ವಲಯದಿಂದಲೇ ನಿಮ್ಮ ಹೆಸರನ್ನು ತೆಗೆದಿದ್ದಾರೆ. ಆಗ ನೇಮ್ ಸರ್ವರನ್ನು ಎಷ್ಟು ತಿದ್ದಿದರೂ ವ್ಯರ್ಥ, ರಿಜಿಸ್ಟ್ರಾರ್, ಅಂದರೆ ನಿಮಗೆ ಡೊಮೇನ್ ಮಾರಿದ ಕಂಪನಿಯ ಹತ್ತಿರ ಮಾತಾಡಬೇಕು.

ಹಂತ 3: ಅಣೆಕಟ್ಟಿನಿಂದ ಇಳಿದು ಬನ್ನಿ

ಡಿಗ್ +ಟ್ರೇಸ್ ಬೆಲ್ಲದಂಗಡಿ.ಇನ್

ಇದು ರೂಟ್‌ನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ನೋಡಿದರೆ ತಪ್ಪು ಯಾವ ಮಟ್ಟದಲ್ಲಿದೆ ಎಂದು ತಿಳಿಯುತ್ತದೆ. ಆದರೆ ಟ್ರೇಸನ್ನೇ ಪೂರ್ತಿ ನಂಬಬೇಡಿ. ಅದು ಪ್ರತಿ ಮಟ್ಟದಲ್ಲೂ ಒಂದು ಸರ್ವರಿನ ಉತ್ತರ ಸಿಕ್ಕರೆ ಮುಂದೆ ಹೋಗುತ್ತದೆ. ನಾಲ್ಕರಲ್ಲಿ ಒಂದು ಕೆಟ್ಟಿದ್ದರೆ ಅದು ಕಣ್ತಪ್ಪಿ ಹೋಗುತ್ತದೆ. ನೇಮ್ ಸರ್ವರಿನ ಐಪಿಯನ್ನು ಮೇಲಿನವರು ಕೊಟ್ಟದ್ದರಿಂದ ತೆಗೆದುಕೊಳ್ಳದೆ ನಿಮ್ಮ ಸ್ಥಳೀಯ ರಿಸಾಲ್ವರನ್ನು ಕೇಳಿ ಪಡೆಯುವುದೂ ಉಂಟು, ಆಗ ಗ್ಲೂ (ನೇಮ್ ಸರ್ವರಿನ ಐಪಿ ಎಂದು ಮೇಲಿನ ವಲಯ ಬರೆದಿಟ್ಟುಕೊಂಡದ್ದು) ತಪ್ಪಿದ್ದರೆ ಮುಚ್ಚಿಹೋಗುತ್ತದೆ. ಕೆಲವು ನೆಟ್‌ವರ್ಕುಗಳು 53ನೇ ಪೋರ್ಟಿನ ಪ್ರಶ್ನೆಗಳನ್ನು ನಡುದಾರಿಯಲ್ಲೇ ಹಿಡಿದು ತಾವೇ ಉತ್ತರಿಸುತ್ತವೆ. ಅನುಮಾನ ಬಂದರೆ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಇನ್ನೊಮ್ಮೆ ಓಡಿಸಿ.

ಹಂತ 4: ಮೇಲಿನವರ ಪುಸ್ತಕದಲ್ಲಿ ಏನಿದೆ?

'ಇನ್' ವಲಯದ ಸರ್ವರ್‌ಗಳ ಪಟ್ಟಿಯನ್ನು 'ಡಿಗ್ ಇನ್. ಎನ್‌ಎಸ್' ಎಂದು ಕೇಳಿ ಪಡೆಯಿರಿ. ಎನ್‌ಎಸ್ ಅಂದರೆ ನೇಮ್ ಸರ್ವರ್‌ಗಳ ಹೆಸರು ಹೇಳುವ ದಾಖಲೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಹೀಗೆ ಕೇಳಿ:

ಡಿಗ್ @ಆರಿಸಿದ-ಸರ್ವರ್ ಬೆಲ್ಲದಂಗಡಿ.ಇನ್ ಎನ್‌ಎಸ್ +ನೋರೆಕ್

'+ನೋರೆಕ್' ಅಂದರೆ ಬೇರೆಯವರನ್ನು ಕೇಳಬೇಡ, ನಿನಗೆ ಗೊತ್ತಿದ್ದಷ್ಟೇ ಹೇಳು ಎಂದು. ಉತ್ತರ ಬರುವುದು 'ಆನ್ಸರ್' ಭಾಗದಲ್ಲಲ್ಲ, 'ಅಥಾರಿಟಿ' ಭಾಗದಲ್ಲಿ. ಆನ್ಸರ್ ಖಾಲಿ ಕಂಡು ಗಾಬರಿಯಾಗಬೇಡಿ. ಕೆಳಗಿನ 'ಅಡಿಷನಲ್' ಭಾಗದಲ್ಲಿ ಐಪಿ ವಿಳಾಸಗಳಿದ್ದರೆ ಅವೇ ಗ್ಲೂ ದಾಖಲೆಗಳು. ಹೆಸರು, ಐಪಿ, ಟಿಟಿಎಲ್ (ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಡಬಹುದು ಎಂಬ ಸಂಖ್ಯೆ) ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 5: ಪ್ರತಿ ನೇಮ್ ಸರ್ವರನ್ನೂ ಒಂಟಿಯಾಗಿ ವಿಚಾರಿಸಿ

ಹಾಳೆಯಲ್ಲಿರುವ ಒಂದೊಂದು ಐಪಿಗೂ ಎರಡೆರಡು ಪ್ರಶ್ನೆ:

ಡಿಗ್ @192.0.2.10 ಬೆಲ್ಲದಂಗಡಿ.ಇನ್ ಎಸ್‌ಒಎ +ನೋರೆಕ್
ಡಿಗ್ @192.0.2.10 ಬೆಲ್ಲದಂಗಡಿ.ಇನ್ ಎನ್‌ಎಸ್ +ನೋರೆಕ್

ಎಸ್‌ಒಎ ಅಂದರೆ ವಲಯದ ತಲೆಬರಹದಂಥ ದಾಖಲೆ, ಕಡತದ ಆವೃತ್ತಿ ಹೇಳುವ ಸೀರಿಯಲ್ ಸಂಖ್ಯೆ ಅದರಲ್ಲಿರುತ್ತದೆ. ಪ್ರತಿ ಉತ್ತರದಲ್ಲೂ ಸ್ಟೇಟಸ್ ನೋಎರರ್ ಇರಬೇಕು, 'ಫ್ಲ್ಯಾಗ್ಸ್' ಸಾಲಿನಲ್ಲಿ 'ಎಎ' ಇರಬೇಕು, ಎಸ್‌ಒಎಯ ಸೀರಿಯಲ್ ಸಂಖ್ಯೆ ಎಲ್ಲ ಸರ್ವರ್‌ಗಳಲ್ಲೂ ಒಂದೇ ಆಗಿರಬೇಕು. 'ಎಎ' ಎಂದರೆ 'ಈ ಗದ್ದೆಯ ಹೊಣೆ ನನ್ನದೇ' ಎಂಬ ಮಾತು. ಹಾಳೆ ಹೀಗೆ ಕಾಣಬಹುದು:

ಎನ್‌ಎಸ್1, 192.0.2.10: ನೋಎರರ್, ಎಎ ಇದೆ, 2026061503
ಎನ್‌ಎಸ್2, 203.0.113.20: ನೋಎರರ್, ಎಎ ಇದೆ, 2026051201
ಎನ್‌ಎಸ್3, 198.51.100.7: ರಿಫ್ಯೂಸ್ಡ್

ಇಷ್ಟಾದರೆ ರೋಗ ಅರ್ಧ ಸಿಕ್ಕಂತೆ. ಎನ್‌ಎಸ್2ಕ್ಕೆ ಹೊಸ ಕಡತ ತಲುಪಿಲ್ಲ, ಎನ್‌ಎಸ್3ಕ್ಕೆ ಈ ಡೊಮೇನೇ ಗೊತ್ತಿಲ್ಲ. ಯಾವ ರಿಸಾಲ್ವರ್ ಯಾವ ಗಳಿಗೆಯಲ್ಲಿ ಯಾರನ್ನು ಕೇಳುತ್ತದೆ ಎಂಬುದರ ಮೇಲೆ ಮೈಸೂರಿಗೊಂದು ಉತ್ತರ, ಮಂಡ್ಯಕ್ಕೊಂದು ಉತ್ತರ.

ಕಾಣುವ ತಪ್ಪುಗಳು, ಅವುಗಳ ಕಾರಣ, ಪರಿಹಾರ

*ಅನಾಥ ನಿಯೋಜನೆ.* ರಿಫ್ಯೂಸ್ಡ್ ಬಂದರೆ, ಅಥವಾ ಉತ್ತರದಲ್ಲಿ ಎಎ ಇಲ್ಲದಿದ್ದರೆ, ಮೇಲಿನವರು ಹೊಣೆ ಕೊಟ್ಟಿದ್ದಾರೆ, ಕೆಳಗಿನವರು ಹೊತ್ತಿಲ್ಲ. ಹೋಸ್ಟಿಂಗ್ ಕಂಪನಿ ಬದಲಿಸಿದಾಗ ಹಳೆಯ ಖಾತೆ ಮುಚ್ಚಿ, ರಿಜಿಸ್ಟ್ರಾರ್ ಹತ್ತಿರ ಹಳೆಯ ನೇಮ್ ಸರ್ವರ್ ಹೆಸರನ್ನು ಹಾಗೇ ಬಿಟ್ಟಿರುವುದು ಇದರ ಮಾಮೂಲಿ ಕಾರಣ. ಆ ಹೆಸರನ್ನು ರಿಜಿಸ್ಟ್ರಾರ್ ಪುಟದಲ್ಲಿ ಅಳಿಸಿ, ಇಲ್ಲವೇ ಆ ಸರ್ವರಿನಲ್ಲಿ ವಲಯ ಸೇರಿಸಿ. 'ಮೂರರಲ್ಲಿ ಎರಡು ಸರಿ ಇವೆಯಲ್ಲ, ನಡೀತಿದೆ' ಎಂದು ಬಿಡಬೇಡಿ. ಕೆಲವು ಡಿಎನ್‌ಎಸ್ ಸೇವೆಗಳಲ್ಲಿ ಬೇರೆ ಯಾರಾದರೂ ಖಾತೆ ತೆರೆದು ನಿಮ್ಮ ಡೊಮೇನಿನ ಹೆಸರಲ್ಲೇ ವಲಯ ಸೃಷ್ಟಿಸಿ, ನಿಮ್ಮ ಗ್ರಾಹಕರನ್ನು ತಮ್ಮ ಕಡೆ ತಿರುಗಿಸಿಕೊಳ್ಳಬಹುದು.

ರಿಫ್ಯೂಸ್ಡ್ ಬದಲು ನಿಮ್ಮದೇ ಸರ್ವರಿನಿಂದ ಸರ್ವ್‌ಫೇಲ್ ಬಂದರೆ ವಲಯ ಲೋಡ್ ಆಗಿಲ್ಲ. ಬೈಂಡ್ (ನೇಮ್ ಸರ್ವರ್ ನಡೆಸುವ ತಂತ್ರಾಂಶ) ಬಳಸುವವರು ಮೊದಲು 'ನೇಮ್ಡ್-ಚೆಕ್‌ಕಾನ್ಫ್', ಆಮೇಲೆ 'ನೇಮ್ಡ್-ಚೆಕ್‌ಝೋನ್ ಬೆಲ್ಲದಂಗಡಿ.ಇನ್ ಕಡತದ-ಹೆಸರು' ಓಡಿಸಿ. ಕಡತದಲ್ಲಿ ತಪ್ಪಿಟ್ಟು ರೀಲೋಡ್ ಕೊಟ್ಟರೆ ಬೈಂಡ್ ಹಳೆಯ ಪ್ರತಿಯನ್ನೇ ಇಟ್ಟುಕೊಂಡು ಓಡುತ್ತಿರುತ್ತದೆ, ಲಾಗ್‌ನಲ್ಲಿ ಮಾತ್ರ ಒಂದು ಸಾಲು ಬೈದಿರುತ್ತದೆ. ತಿಂಗಳ ನಂತರ ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಾಗ ವಲಯವೇ ಮಾಯ. ಯಾರೂ ಏನೂ ಮುಟ್ಟಿಲ್ಲ ಎಂದು ಎಲ್ಲರೂ ಆಣೆ ಮಾಡುವ ದೋಷ ಇದು. ರೀಲೋಡ್‌ಗೆ ಮೊದಲು ಚೆಕ್‌ಝೋನ್ ಓಡಿಸುವ ಅಭ್ಯಾಸವೇ ಇದಕ್ಕೆ ಮದ್ದು.

*ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ.* ಹಂತ 4ರ ಎನ್‌ಎಸ್ ಪಟ್ಟಿಗೂ ಹಂತ 5ರಲ್ಲಿ ನಿಮ್ಮ ಸರ್ವರ್ ಕೊಟ್ಟ ಪಟ್ಟಿಗೂ ವ್ಯತ್ಯಾಸವಿದ್ದರೆ, ಹೊಸದಾಗಿ ಕೇಳುವ ರಿಸಾಲ್ವರ್ ಮೇಲಿನ ಪಟ್ಟಿ ಹಿಡಿದು ಬರುತ್ತದೆ, ಒಮ್ಮೆ ಬಂದ ಮೇಲೆ ಹಲವು ರಿಸಾಲ್ವರ್‌ಗಳು ಕೆಳಗಿನ ಪಟ್ಟಿಯನ್ನೇ ನೆನಪಿಟ್ಟುಕೊಳ್ಳುತ್ತವೆ. ಕೆಳಗಿನ ಪಟ್ಟಿಯಲ್ಲಿ ಸತ್ತ ಸರ್ವರ್ ಇದ್ದರೆ ಮೊದಲ ಸಲ ತೆರೆದ ಸೈಟು ಎರಡನೇ ಸಲ ತೆರೆಯುವುದಿಲ್ಲ. ಎರಡೂ ಕಡೆ ಅಕ್ಷರಶಃ ಒಂದೇ ಪಟ್ಟಿ ಇರಲಿ.

*ಹಳಸಿದ ಗ್ಲೂ.* ನೇಮ್ ಸರ್ವರಿನ ಹೆಸರು ಅದೇ ಡೊಮೇನಿನೊಳಗೆ ಇದ್ದಾಗ, ಅಂದರೆ 'ಎನ್‌ಎಸ್1.ಬೆಲ್ಲದಂಗಡಿ.ಇನ್' ಎಂದಾಗ, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎನ್ನುವ ಸ್ಥಿತಿ. ಎನ್‌ಎಸ್1ರ ವಿಳಾಸ ಬೇಕಾದರೆ ಬೆಲ್ಲದಂಗಡಿಯ ನೇಮ್ ಸರ್ವರನ್ನು ಕೇಳಬೇಕು, ಆ ನೇಮ್ ಸರ್ವರೇ ಎನ್‌ಎಸ್1. ಈ ಗಂಟು ಬಿಡಿಸಲೆಂದು ಮೇಲಿನ ವಲಯ ಅದರ ಐಪಿಯನ್ನೂ ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ, ಅದೇ ಗ್ಲೂ. ಆಫೀಸಿನ ಇಂಟರ್ನೆಟ್ ಕಂಪನಿ ಬದಲಾಗಿ ಐಪಿ ಬದಲಾದಾಗ ಜನ ತಮ್ಮ ವಲಯದ ಎ ದಾಖಲೆ ತಿದ್ದುತ್ತಾರೆ, ಗ್ಲೂ ಮರೆಯುತ್ತಾರೆ. ಅದನ್ನು ತಿದ್ದುವ ಜಾಗ ರಿಜಿಸ್ಟ್ರಾರ್ ಪುಟದಲ್ಲಿ 'ಹೋಸ್ಟ್ ರೆಕಾರ್ಡ್', 'ಚೈಲ್ಡ್ ನೇಮ್ ಸರ್ವರ್' ಅಥವಾ 'ಪ್ರೈವೇಟ್ ನೇಮ್ ಸರ್ವರ್' ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಎನ್‌ಎಸ್ ಪಟ್ಟಿ ಇರುವ ಪುಟವೇ ಬೇರೆ, ಇದೇ ಬೇರೆ. ತಿದ್ದಿದ ಮೇಲೆ ಹಂತ 4ನ್ನು ಮತ್ತೆ ಮಾಡಿ ಅಡಿಷನಲ್ ಭಾಗದಲ್ಲಿ ಹೊಸ ಐಪಿ ಬಂತೇ ನೋಡಿ.

*ಸೀರಿಯಲ್ ಹಿಂದೆ ಬಿದ್ದಿರುವುದು.* ಎರಡನೇ ಸರ್ವರ್ ಹೊಸ ಕಡತ ಎಳೆದುಕೊಳ್ಳುವುದು ಮುಖ್ಯ ಸರ್ವರಿನ ಸೀರಿಯಲ್ ದೊಡ್ಡದಾಗಿದ್ದರೆ ಮಾತ್ರ. ಕಡತ ತಿದ್ದಿ ಸೀರಿಯಲ್ ಏರಿಸದಿದ್ದರೆ ಅದರ ಪಾಲಿಗೆ ಏನೂ ನಡೆದೇ ಇಲ್ಲ. ವರ್ಷ, ತಿಂಗಳು, ದಿನ, ಆ ದಿನದ ಎಷ್ಟನೇ ತಿದ್ದುಪಡಿ ಎಂದು 10 ಅಂಕೆಯಲ್ಲಿ ಬರೆಯುವ ರೂಢಿ ಒಳ್ಳೆಯದು.

ಸೀರಿಯಲ್ ಏರಿಸಿದರೂ ಬಾರದಿದ್ದರೆ ವರ್ಗಾವಣೆಯೇ ಕಟ್ಟಿಕೊಂಡಿದೆ. ಎರಡನೇ ಸರ್ವರಿನಿಂದ 'ಡಿಗ್ @192.0.2.10 ಬೆಲ್ಲದಂಗಡಿ.ಇನ್ ಎಎಕ್ಸ್‌ಎಫ್‌ಆರ್' ಹೊಡೆದು ನೋಡಿ. ವರ್ಗಾವಣೆ ನಡೆಯುವುದು ಟಿಸಿಪಿ 53ರಲ್ಲಿ (ಟಿಸಿಪಿ, ಯುಡಿಪಿ ಎರಡೂ ಮಾಹಿತಿ ಸಾಗಿಸುವ ವಿಧಾನಗಳು). ಯುಡಿಪಿ ಮಾತ್ರ ತೆರೆದ ಫೈರ್‌ವಾಲ್ ಇದನ್ನು ತಡೆಯುತ್ತದೆ. ಮುಖ್ಯ ಸರ್ವರಿನ 'ಅಲೋ-ಟ್ರಾನ್ಸ್‌ಫರ್' ಸಾಲಿನಲ್ಲಿ ಎರಡನೇ ಸರ್ವರಿನ ಈಗಿನ ಐಪಿ ಇರಬೇಕು. ಈ ದೋಷದ ಕುತಂತ್ರ ಏನೆಂದರೆ ಅದು ತಡವಾಗಿ ಕಚ್ಚುತ್ತದೆ: ಎಸ್‌ಒಎಯ 'ಎಕ್ಸ್‌ಪೈರ್' 1209600 ಸೆಕೆಂಡ್ ಇದ್ದರೆ ಎರಡನೇ ಸರ್ವರ್ 14 ದಿನ ಹಳೆಯದನ್ನೇ ಹೇಳಿಕೊಂಡು, 15ನೇ ದಿನಕ್ಕೆ ಸರ್ವ್‌ಫೇಲ್ ಕೊಡಲು ಶುರುಮಾಡುತ್ತದೆ. ಇವತ್ತಿನ ದೋಷಕ್ಕೆ ಇವತ್ತಿನ ಬದಲಾವಣೆಯನ್ನೇ ಹುಡುಕಿದರೆ ಸಿಗುವುದಿಲ್ಲ, ಎರಡು ವಾರ ಹಿಂದೆ ಹೋಗಿ.

ಕೈತಪ್ಪಿ 2026ರ ಬದಲು 2062010101 ಎಂದು ಬರೆದುಬಿಟ್ಟರೆ? ಮುಂದಿನ 36 ವರ್ಷ ಕಾಯಬೇಕಿಲ್ಲ. ಸೀರಿಯಲ್ 32 ಬಿಟ್‌ನ ಚಕ್ರ, ತುದಿ ಮುಟ್ಟಿದರೆ ಮತ್ತೆ ಮೊದಲಿಗೆ ಬರುತ್ತದೆ. ತಪ್ಪು ಸಂಖ್ಯೆಗೆ 2147483647 ಕೂಡಿ, ಅಂದರೆ 4209493748 ಎಂದು ಹಾಕಿ ರೀಲೋಡ್ ಮಾಡಿ. ಎಲ್ಲ ಸರ್ವರ್‌ಗಳೂ ಅದನ್ನು ತೆಗೆದುಕೊಂಡಿವೆ ಎಂದು ಹಂತ 5ರಂತೆ ಖಚಿತಪಡಿಸಿಕೊಂಡು, ಆಮೇಲೆ 2026061501 ಹಾಕಿ. ಚಕ್ರದ ಲೆಕ್ಕದಲ್ಲಿ ಅದೇ ದೊಡ್ಡದು.

*ಒಂದು ಚುಕ್ಕಿಯ ಬೆಲೆ.* ವಲಯದ ಕಡತದಲ್ಲಿ ಪೂರ್ಣ ಹೆಸರಿನ ಕೊನೆಗೆ ಚುಕ್ಕಿ ಇಡದಿದ್ದರೆ ಅದರ ಬಾಲಕ್ಕೆ ಡೊಮೇನಿನ ಹೆಸರು ಇನ್ನೊಮ್ಮೆ ಅಂಟಿಕೊಳ್ಳುತ್ತದೆ. 'ಎನ್‌ಎಸ್1.ಬೆಲ್ಲದಂಗಡಿ.ಇನ್' ಎಂದು ಬರೆದದ್ದು 'ಎನ್‌ಎಸ್1.ಬೆಲ್ಲದಂಗಡಿ.ಇನ್.ಬೆಲ್ಲದಂಗಡಿ.ಇನ್.' ಆಗಿ ಹೊರಗೆ ಹೋಗುತ್ತದೆ. ಡಿಗ್ ಉತ್ತರದಲ್ಲಿ ಹೆಸರು ಎರಡೆರಡು ಸಲ ಕಂಡರೆ ಬೇರೆ ಕಾರಣ ಹುಡುಕಬೇಡಿ. ವೆಬ್ ಪುಟದಲ್ಲಿ ದಾಖಲೆ ತುಂಬುವ ಸೇವೆಗಳಲ್ಲಿ ಕೆಲವು ಪೂರ್ಣ ಹೆಸರು ಕೇಳುತ್ತವೆ, ಕೆಲವು ಮೊದಲ ತುಂಡು ಮಾತ್ರ. ಅಲ್ಲೂ ಇದೇ ತಪ್ಪಾಗುತ್ತದೆ.

*ಸಿನೇಮ್ ಎಲ್ಲೆಂದರಲ್ಲಿ.* ಸಿನೇಮ್ ಅಂದರೆ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಕೈ ತೋರಿಸುವ ದಾಖಲೆ. ಡೊಮೇನಿನ ತಲೆಯಲ್ಲೇ, ಅಂದರೆ ಬರೀ 'ಬೆಲ್ಲದಂಗಡಿ.ಇನ್'ಗೆ ಸಿನೇಮ್ ಹಾಕುವಂತಿಲ್ಲ, ಅಲ್ಲಿ ಎಸ್‌ಒಎ ಮತ್ತು ಎನ್‌ಎಸ್ ಆಗಲೇ ಇರುತ್ತವೆ. ಎನ್‌ಎಸ್ ಮತ್ತು ಎಂಎಕ್ಸ್ (ಇಮೇಲ್ ಸರ್ವರ್ ಯಾವುದೆಂದು ಹೇಳುವ) ದಾಖಲೆಗಳು ತೋರಿಸುವ ಹೆಸರೂ ಸಿನೇಮ್ ಆಗಿರಬಾರದು, ಅದಕ್ಕೆ ನೇರ ಎ ಅಥವಾ ಎಎಎಎ (ಐಪಿವಿ6 ವಿಳಾಸದ) ದಾಖಲೆ ಬೇಕು.

*ಬಾಗಿಲು ಮುಚ್ಚಿದ ಸರ್ವರ್.* ಟೈಮ್‌ಔಟ್ ಬಂದ ಐಪಿಗೆ ಅದೇ ಪ್ರಶ್ನೆಯನ್ನು '+ಟಿಸಿಪಿ' ಸೇರಿಸಿ ಕೇಳಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಫೈರ್‌ವಾಲ್. 53ನೇ ಪೋರ್ಟ್ ಯುಡಿಪಿ, ಟಿಸಿಪಿ ಎರಡರಲ್ಲೂ ತೆರೆದಿರಬೇಕು. ಉತ್ತರ ದೊಡ್ಡದಾದಾಗ ಸರ್ವರ್ ಅದನ್ನು ಮೊಟಕುಗೊಳಿಸಿ 'ಟಿಸಿಪಿಯಲ್ಲಿ ಬಾ' ಎನ್ನುತ್ತದೆ. ಆ ಬಾಗಿಲು ಮುಚ್ಚಿದ್ದರೆ ಚಿಕ್ಕ ಉತ್ತರಗಳು ಬರುತ್ತವೆ, ದೊಡ್ಡವು ಬರುವುದಿಲ್ಲ. ಯುಡಿಪಿ ಉತ್ತರದ ಗಾತ್ರವನ್ನು 1232 ಬೈಟ್‌ಗೆ ಮಿತಿಗೊಳಿಸುವುದು 2020ರಿಂದೀಚೆಗಿನ ಶಿಫಾರಸು. ರೆಡ್ ಹ್ಯಾಟ್ ಬಳಗದಲ್ಲಿ ಬೈಂಡ್ ಹೊಸದಾಗಿ ಹಾಕಿದಾಗ 'ಲಿಸನ್-ಆನ್' 127.0.0.1ಕ್ಕೂ 'ಅಲೋ-ಕ್ವೆರಿ' ಲೋಕಲ್‌ಹೋಸ್ಟ್‌ಗೂ ಸೀಮಿತವಾಗಿರುತ್ತದೆ. ಸರ್ವರಿನ ಮುಂದೆ ಕೂತವರಿಗೆ ಎಲ್ಲ ಸರಿ ಕಾಣುತ್ತದೆ, ಹೊರಗಿನವರಿಗೆ ಏನೂ ಇಲ್ಲ. ಇವೆರಡನ್ನು ತೆರೆಯುವಾಗ 'ಅಲೋ-ರಿಕರ್ಶನ್' (ಬೇರೆ ಡೊಮೇನ್‌ಗಳನ್ನೂ ಹುಡುಕಿಕೊಡುವ ಅನುಮತಿ) ಮಾತ್ರ ಎಲ್ಲರಿಗೂ ತೆರೆಯಬೇಡಿ, ಯಾರೋ ಇನ್ಯಾರದೋ ಮೇಲೆ ಮಾಡುವ ದಾಳಿಗೆ ನಿಮ್ಮ ಸರ್ವರ್ ತುತ್ತೂರಿಯಾಗುತ್ತದೆ.

*ಬೀಗ ಬದಲಾಯಿತು, ಕೀಲಿ ಬದಲಾಗಲಿಲ್ಲ.* 8.8.8.8ರಲ್ಲಿ ಸರ್ವ್‌ಫೇಲ್, ಆದರೆ '+ಸಿಡಿ' (ಸಹಿ ಪರೀಕ್ಷಿಸಬೇಡ ಎಂಬ ಸೂಚನೆ) ಸೇರಿಸಿ ಕೇಳಿದರೆ ಸರಿಯುತ್ತರ. ಹಾಗಾದರೆ ಡಿಎನ್‌ಎಸ್‌ಸೆಕ್ ಕೆಟ್ಟಿದೆ. ಡಿಎನ್‌ಎಸ್ ಸೇವೆ ಬದಲಿಸಿದಾಗ ಹಳೆಯ ಕೀಲಿಯ ಗುರುತಾದ ಡಿಎಸ್ ದಾಖಲೆ ಮೇಲಿನ ವಲಯದಲ್ಲಿ ಉಳಿದುಬಿಟ್ಟಿರುತ್ತದೆ. ಸಹಿ ಪರೀಕ್ಷಿಸುವ ರಿಸಾಲ್ವರ್ ಬಳಸುವವರಿಗೆ ಸೈಟು ಇಲ್ಲ, ಪರೀಕ್ಷಿಸದವರಿಗೆ ಇದೆ. ರಿಜಿಸ್ಟ್ರಾರ್ ಪುಟದಲ್ಲಿ ಹಳೆಯ ಡಿಎಸ್ ಅಳಿಸಿ, 'ಡಿಗ್ ಬೆಲ್ಲದಂಗಡಿ.ಇನ್ ಡಿಎಸ್' ಖಾಲಿಯಾಗುವವರೆಗೆ ಕಾಯಿರಿ, ಆಮೇಲೆ ಹೊಸದನ್ನು ಹಾಕಿ. ಮುಂದೆ ಸೇವೆ ಬದಲಿಸುವಾಗ ಮೊದಲು ಡಿಎಸ್ ತೆಗೆದು, ಅದರ ಟಿಟಿಎಲ್ ಕಳೆದ ಮೇಲೆ ನೇಮ್ ಸರ್ವರ್ ಬದಲಿಸಿ.

ಕನ್ನಡ ಡೊಮೇನ್ ಇದ್ದರೆ

'.ಭಾರತ' ಕನ್ನಡ ಲಿಪಿಯಲ್ಲೂ ಸಿಗುತ್ತದೆ. ಆದರೆ ವಲಯದ ಕಡತದಲ್ಲಿ ಕನ್ನಡ ಅಕ್ಷರ ಬರೆದರೆ ನಡೆಯುವುದಿಲ್ಲ. 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಪ್ಯೂನಿಕೋಡ್ ರೂಪವನ್ನೇ ಎಲ್ಲ ಕಡೆ ಹಾಕಬೇಕು. ಹೆಸರಿನ ಒಂದು ತುಂಡು ಆ ರೂಪದಲ್ಲಿ 63 ಅಕ್ಷರ ಮೀರುವಂತಿಲ್ಲ. ಕೀಲಿಮಣೆಯಿಂದ ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ನುಸುಳಿದರೆ ಓದುವುದಕ್ಕೆ ಅದೇ ಹೆಸರು, ಸರ್ವರಿಗೆ ಬೇರೆ ಹೆಸರು, ಉತ್ತರ ಎನ್‌ಎಕ್ಸ್‌ಡೊಮೇನ್. ಹೂಇಸ್‌ನಲ್ಲಿರುವ ರೂಪವನ್ನೇ ನಕಲು ಮಾಡಿ ಅಂಟಿಸುವುದು ಕ್ಷೇಮ.

ಹಂತ 6: ತಿದ್ದಿದ ಮೇಲೆ ಎಷ್ಟು ಕಾಯಬೇಕು?

'ಜಗತ್ತಿಗೆಲ್ಲ ಹರಡಲು 48 ಗಂಟೆ' ಎಂಬ ಮಾತು ಚಾಲ್ತಿಯಲ್ಲಿದೆ. ಹರಡುವುದು ಏನೂ ಇಲ್ಲ, ರಿಸಾಲ್ವರ್‌ಗಳ ಹಳೆಯ ನೆನಪು ಸಾಯಬೇಕು ಅಷ್ಟೇ. ಆ ನೆನಪಿನ ಆಯುಷ್ಯವೇ ಟಿಟಿಎಲ್. ನಿಮ್ಮ ಎ ದಾಖಲೆಗೆ 3600 ಇದ್ದರೆ ಒಂದು ಗಂಟೆ. ಮೇಲಿನ ವಲಯದ ಎನ್‌ಎಸ್ ಟಿಟಿಎಲ್ ನಿಮ್ಮ ಕೈಯಲ್ಲಿಲ್ಲ. 'ಕಾಮ್'ನಲ್ಲಿ ಅದು 172800 ಸೆಕೆಂಡ್, ಅಂದರೆ ಎರಡು ದಿನ, 48 ಗಂಟೆಯ ಮಾತು ಬಂದದ್ದು ಅಲ್ಲಿಂದಲೇ ಇರಬೇಕು. ನಿಮ್ಮ ಡೊಮೇನಿಗೆ ಎಷ್ಟು ಎಂಬುದು ಹಂತ 4ರ ಹಾಳೆಯಲ್ಲೇ ಇದೆ.

'ಇಲ್ಲ' ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ಎಸ್‌ಒಎಯ ಕೊನೆಯ ಅಂಕಿ ಮತ್ತು ಎಸ್‌ಒಎಯ ಟಿಟಿಎಲ್ ಎರಡರಲ್ಲಿ ಚಿಕ್ಕದು ಅದರ ಅವಧಿ. ಅಲ್ಲಿ 86400 ಹಾಕಿದ್ದರೆ, ದಾಖಲೆ ಸೇರಿಸುವ ಮೊದಲೇ ಕೇಳಿದವರಿಗೆ ಇಡೀ ದಿನ 'ಇಲ್ಲ' ಎಂದೇ ಬರುತ್ತದೆ. 300ರಿಂದ 3600ರೊಳಗೆ ಇಟ್ಟರೆ ಸಾಕು. ತೀರಾ ಅವಸರವಿದ್ದರೆ ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ತಮ್ಮ ರಿಸಾಲ್ವರಿನ ಕ್ಯಾಶೆ ಅಳಿಸಲು ಸಾರ್ವಜನಿಕ ಪುಟ ಇಟ್ಟಿವೆ.

ದಸರಾ ಹೊತ್ತಿಗೆ ಹೋಂಸ್ಟೇ ಬುಕಿಂಗ್ ಸೈಟನ್ನು ಹೊಸ ಸರ್ವರಿಗೆ ಒಯ್ಯುವಂಥ ಕೆಲಸವಿದ್ದರೆ ಎರಡು ದಿನ ಮೊದಲೇ ಟಿಟಿಎಲ್ 300ಕ್ಕೆ ಇಳಿಸಿ. ಹಳೆಯ ಟಿಟಿಎಲ್ ಪೂರ್ತಿ ಕಳೆದ ಮೇಲಷ್ಟೇ ಇಳಿಸಿದ್ದಕ್ಕೆ ಫಲ.

ನೇಮ್ ಸರ್ವರ್‌ಗಳು ಕನಿಷ್ಠ ಎರಡು, ಅವೂ ಬೇರೆಬೇರೆ ನೆಟ್‌ವರ್ಕಿನಲ್ಲಿ, ಸಾಧ್ಯವಾದರೆ ಬೇರೆಬೇರೆ ಊರಿನಲ್ಲಿ ಇರಲಿ. ಎರಡೂ ಒಂದೇ ಕೊಠಡಿಯಲ್ಲಿ ಒಂದೇ ಯುಪಿಎಸ್ ಮೇಲೆ ಕೂತಿದ್ದರೆ ಅವು ಲೆಕ್ಕಕ್ಕೆ ಎರಡು ಮಾತ್ರ.

ಹಳೆಯ ನೇಮ್ ಸರ್ವರನ್ನು ಬದಲಾವಣೆಯ ದಿನವೇ ಆಫ್ ಮಾಡಬೇಡಿ. ಹೊಸ ವಲಯದ ಪ್ರತಿಯನ್ನೇ ಅದರಲ್ಲೂ ಹಾಕಿ, ಮೇಲಿನ ವಲಯದ ಟಿಟಿಎಲ್ ಕಳೆಯುವವರೆಗೆ ಓಡಲು ಬಿಡಿ. ಬೈಂಡ್ ಆದರೆ 'ಆರ್‌ಎನ್‌ಡಿಸಿ ಕ್ವೆರಿಲಾಗ್ ಆನ್' ಕೊಟ್ಟು ಲಾಗ್ ಗಮನಿಸಿ. ನಿಮ್ಮ ಡೊಮೇನ್ ಕೇಳಿಕೊಂಡು ಬರುವವರು ನಿಂತ ಮೇಲೆ ಅದನ್ನು ಆರಿಸಬಹುದು.